ತಂತಿಯೊಳಗೆ ಕೂತವರು

ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ನಾನು ನೆಲಕ್ಕೆ ಇಟ್ಟವನು, ನವೆಂಬರಿನಲ್ಲಿ:
ಎಪ್ಪತ್ತೆರಡು ಮೀಟರು ತಾಮ್ರದ ತಂತಿ,
ಹಲಗೆ ಎಬ್ಬಿಸಿ, ಮಂಡಿಯೂರಿ.
ಈ ಚರ್ಚಿನಲ್ಲಿ ನಾನು ಮಂಡಿಯೂರಿದ್ದು ಅದೊಂದೇ ಸಲ.

ಫೆರೋ ದ್ವೀಪಗಳ ತೆಂಕಣ ತುದಿ.
ಟಾರು ಬಳಿದ ಕಪ್ಪು ಮರದ ಗೋಡೆ, ಮಾಡಿನ ಮೇಲೆ ಹುಲ್ಲು,
ಒಳಗೆ ಚಾವಣಿಯಿಂದ ತೂಗುವ ಪುಟ್ಟ ಮರದ ಹಡಗು
ಮುಳುಗಿದವರ ಹೆಸರಿನಲ್ಲಿ.
ಹೊರಗೆ ಗಾಳಿ. ಆ ಗಾಳಿಯಲ್ಲಿ, ಎಂಜಿನ್ ಕೋಣೆಗಳಲ್ಲಿ,
ಮೀನು ಕಾರ್ಖಾನೆಯ ಗರಗಸದ ಪಕ್ಕದಲ್ಲಿ
ಸವೆದುಹೋದ ಕಿವಿಗಳು ಐದು ಜೋಡಿ:
ಜಕಾರಿಯಸ್, ಬಿಲ್ಲಾ, ಸುನ್ನೇವಾ, ಯಾಲ್ಗ್ರಿಮ್,
ಮತ್ತೆ ನನ್ನ ಸೋದರತ್ತೆ ಔಲುವಾ.

ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತು,
ತುಟಿ ಅಲುಗುವುದನ್ನೇ ನೋಡುತ್ತ ವರ್ಷಗಟ್ಟಲೆ
ಅವರು ಅಂದ ಆಮೆನ್ ತುಸು ತಡ,
ಆಳದ ಬಾವಿಗೆ ಎಸೆದ ಕಲ್ಲಿನ ಸದ್ದಿನ ಹಾಗೆ.

ಕಿವಿಯಂತ್ರದ ಗುಂಡಿ ಟಿ ಕಡೆ ತಿರುಗಿಸಿ, ಅಂತ ಕೂಗಿದೆ.
ಜಕಾರಿಯಸ್ ಕೇಳಿದ: ದುಡ್ಡೆಷ್ಟು ಬಿತ್ತು?
ರೂಬಾರ್ಬ್ ಕೇಕು ಮಾರಿ ಬಂದದ್ದು, ಅಂದೆ.
ನೀನೇ ಮೂರು ತಿಂದಿದ್ದೀಯ.

ಮೊದಲ ಭಾನುವಾರ ಅವರ ಕಿವಿಗೆ ಬಿದ್ದದ್ದು ದೇವರ ವಾಕ್ಯವಲ್ಲ.
ಪಾದ್ರಿಯ ಹೊಟ್ಟೆ ಗುರುಗುಟ್ಟಿದ್ದು.
ಪುಟ ಮಗುಚಲು ಬೆರಳಿಗೆ ಎಂಜಲು ಹಚ್ಚಿದ್ದು.
ಬಿಲ್ಲಾ ಬಾಯಿಗೆ ಕೈಚೀಲ ಅಡ್ಡ ಹಿಡಿದು ನಕ್ಕಳು.
ಆಮೇಲೆ ಬಂತು ಪ್ರಸಂಗ, ಕೆಮ್ಮಿನ, ಗಾಳಿಯ ಕಲಬೆರಕೆಯಿಲ್ಲದೆ
ನೇರ ನಡುನೆತ್ತಿಗೆ.
ಹೊರಗೆ ಬಂದು ಅತ್ತೆ ಅಂದಳು:
ಈ ಹುಡುಗನ ಮಾತು ಇಷ್ಟು ಮೆತ್ತಗೆಂದು ಗೊತ್ತೇ ಇರಲಿಲ್ಲ.
ನಾಲ್ಕು ವರ್ಷ, ನಮ್ಮನ್ನು ಬೈಯುತ್ತಿದ್ದಾನೆ ಅಂದುಕೊಂಡಿದ್ದೆ.

ಹುಡುಗ ಅಂದರೆ ಟೋರೊಡ್. ಆರು ಊರಿಗೆ ಒಬ್ಬನೇ ಪಾದ್ರಿ.
ಸುರಂಗ ದಾಟಿ, ಮಂಜು ದಾಟಿ ಬರುತ್ತಾನೆ,
ನಿಲುವಂಗಿ ಕಾರಿನ ಹಿಂದಿನ ಸೀಟಿನಲ್ಲಿ
ಬೆಲ್ಟು ಕಟ್ಟಿಕೊಂಡು ಕೂತಿರುತ್ತದೆ.

ಫೆಬ್ರವರಿ. ಪಕ್ಕದೂರಿನಲ್ಲಿ ಹನ್ನೆರಡರ ಹುಡುಗಿಯನ್ನು
ಅವನು ಮಣ್ಣಿಗೆ ಒಪ್ಪಿಸಿದ ಮರುವಾರ.
ಆರ್ಗನ್ ಶುರುವಾಗಿತ್ತು. ಅವನಿನ್ನೂ ಉಡುಪಿನ ಕೋಣೆಯಲ್ಲಿ,
ಬಾಗಿಲು ಮುಚ್ಚಿದೆ, ಕೊರಳಪಟ್ಟಿಯಲ್ಲಿ ಮೈಕಿದೆ.
ನಮ್ಮಲ್ಲಿ ಧ್ವನಿವರ್ಧಕವಿಲ್ಲ, ಮೈಕು ಆ ಐವರಿಗಷ್ಟೇ.
ನಾನು ಹಿಂದಿನ ಬಾಗಿಲ ಬಳಿ ಪೆಟ್ಟಿಗೆ ಕಾಯುತ್ತಿದ್ದೆ.
ಮಿನುಗಬಾರದ ಹೊತ್ತಿನಲ್ಲಿ ಹಸಿರು ದೀಪ ಮಿನುಗಿತು.
ನಿಂತಿತು. ಮತ್ತೆ ಮಿನುಗಿತು, ತುಂಬಾ ಹೊತ್ತು.

ಎರಡನೆಯ ಸಾಲಿನಲ್ಲಿ ಐದು ಬಿಳಿ ತಲೆಗಳು
ಒಂದೇ ಸಲ ಅಲುಗಾಡದಾದವು.
ಕಿವಿ ಚುರುಕಿದ್ದ ನಮಗೆಲ್ಲ ಬರೀ ಆರ್ಗನ್.

ತಪಾಸಣೆಯ ಇಯರ್‌ಫೋನು ನನ್ನ ಜೇಬಿನಲ್ಲಿತ್ತು.
ಸಿಕ್ಕಿಸಿಕೊಳ್ಳಲಿಲ್ಲ. ಯಾಕೆ ಅಂದರೆ ಹೇಳಲಾರೆ.
ಯಾಲ್ಗ್ರಿಮ್ ಕೈಚಾಚಿ ಸುನ್ನೇವಾಳ ತೋಳು ಹಿಡಿದ,
ಹತ್ತು ವರ್ಷದಿಂದ ಬೇಲಿಯ ಜಗಳ ಆ ಇಬ್ಬರಿಗೆ.

ಬಾಗಿಲು ತೆರೆಯಿತು. ಟೋರೊಡ್ ಬಂದ, ಮುಖ ತೊಳೆದು.
ಯಾರೂ ಏಳಬೇಕಾದ ಹೊತ್ತಲ್ಲ ಅದು.
ಐವರೂ ಎದ್ದು ನಿಂತರು.
ಅವರನ್ನು ನೋಡಿ, ಏನು ಎತ್ತ ತಿಳಿಯದೆ,
ಒಬ್ಬೊಬ್ಬರಾಗಿ ಇಡೀ ಊರು ಎದ್ದಿತು,
ತುಸು ತಡವಾಗಿ.

ಆ ವಾರ ಪಾದ್ರಿಯ ಮನೆಬಾಗಿಲಿಗೆ
ಗಾಳಿಗೊಣಗಿಸಿದ ಕುರಿತೊಡೆ ಬಂತಂತೆ, ಮೀನಿನ ಸಾರು ಬಂತಂತೆ,
ಒಂದು ಜೊತೆ ಉಣ್ಣೆ ಕಾಲುಚೀಲ, ಅಳತೆ ದೊಡ್ಡದು.
ಏನು ಕೇಳಿಸಿತು ಅಂತ ಅತ್ತೆಯನ್ನು ಕೇಳಿದೆ.
ನನ್ನ ಕಿವಿ ಮಂದ ಕಣೋ, ಅಂದಳು,
ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ.

ಮೈಕಿನ ಮೇಲೆ ಕೆಂಪಕ್ಷರದ ಚೀಟಿ ಅಂಟಿಸಿ ಬಂದೆ:
ಒಳಗೆ ಹೋಗುವಾಗ ಆರಿಸಿ.
ಮುಂದಿನ ಭಾನುವಾರ ಚೀಟಿ ಇರಲಿಲ್ಲ.
ಅವರು ಕಿತ್ತರೋ, ಅವನೇ ಕಿತ್ತನೋ.
ಇನ್ನೊಂದು ಬರೆದಿಟ್ಟಿದ್ದೇನೆ, ಸಲಕರಣೆ ಪೆಟ್ಟಿಗೆಯಲ್ಲಿ
ಇಕ್ಕಳದ ಕೆಳಗೆ ಬಿದ್ದಿದೆ.